ಗರಗಸದ ಮುಂದೆ ಪಂಚಾಯ್ತಿ

ಹಳೆಯ ವಸ್ತು ಪೂರ್ತಿ ಕೆಟ್ಟು ಕೂತರೆ ಯಾವ ಗೋಳೂ ಇಲ್ಲ. ಕೆಟ್ಟಿತು, ಎಸೆದೆವು, ಹೊಸದು ತಂದೆವು, ಕತೆ ಮುಗಿಯಿತು. ಗೋಳೆಲ್ಲ ಇರುವುದು ಕೆಡಲಾರೆ ಎಂದು ಹಟ ಹಿಡಿದ ಹಳೆಯ ವಸ್ತುವಿನದು. ಅದು ಓಡುತ್ತದೆ, ಆದರೆ ನರಳುತ್ತ ಓಡುತ್ತದೆ. ಕೊಯ್ಯುತ್ತದೆ, ಆದರೆ ಗೆರೆ ಬಿಟ್ಟು ಕೊಯ್ಯುತ್ತದೆ. ಮಾರೋಣವೆಂದರೆ ಕಾಸು ಹುಟ್ಟದು, ಇಟ್ಟುಕೊಳ್ಳೋಣವೆಂದರೆ ಜಾಗ ಬಿಡದು. ಇಂಥದ್ದೊಂದು ಬೀದಿಯಲ್ಲಿದ್ದರೆ ಸಾಕು, ಆ ಬೀದಿಯ ನಿವೃತ್ತರಿಗೆಲ್ಲ ಬಿಟ್ಟಿ ಸಲಹೆ ಕೊಡುವ ಉದ್ಯೋಗ ಖಾಯಂ ಆಯಿತೆಂದೇ ತಿಳಿಯಿರಿ.

ನಮ್ಮ ಬೀದಿಗೆ ಆ ಪುಣ್ಯ ಒದಗಿಸಿದ್ದು ಆಚಾರ್ರ ಕಟಿಂಗ್ ಮಿಷನ್ನು. ಮರಗೆಲಸ ಕಂಡಿಲ್ಲದವರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಬೀಡಿನ ಒಂದು ಮೇಜು. ಮೇಜಿನ ನಡುವೆ ಸೀಳು. ಆ ಸೀಳಿನಿಂದ ಅರ್ಧ ಮೈ ಹೊರಗೆ ಹಾಕಿ ತಿರುಗುವ ಹಲ್ಲಿನ ಬ್ಲೇಡು. ಕೆಳಗೆ ಎರಡು ಎಚ್‌ಪಿ ಮೋಟಾರು, ಅದಕ್ಕೂ ಬ್ಲೇಡಿನ ಶಾಫ್ಟಿಗೂ ನಡುವೆ ಬೆಲ್ಟು. ಕೈಗರಗಸದಲ್ಲಿ ಮರ ಸುಮ್ಮನಿರುತ್ತದೆ, ಗರಗಸ ಓಡಾಡುತ್ತದೆ. ಇಲ್ಲಿ ಗರಗಸ ಇದ್ದಲ್ಲೇ ತಿರುಗುತ್ತದೆ, ಮರವನ್ನು ನಾವೇ ತಳ್ಳಿಕೊಂಡು ಅದರ ಬಾಯಿಗೆ ಹೋಗಬೇಕು. 12 ಇಂಚಿನ ಬ್ಲೇಡು ನಿಮಿಷಕ್ಕೆ 2880 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಹಾಸನದಿಂದ ಬೆಂಗಳೂರಿಗೆ ಕಾರು ಬಿಟ್ಟರೆ ನೀವು ಊರು ಮುಟ್ಟುವ ಮೊದಲೇ ದಂಡದ ನೋಟಿಸು ಮನೆ ಮುಟ್ಟುತ್ತದೆ. ಆಚಾರ್ರು ಎಲೆ ಅಡಿಕೆ ಮೆಲ್ಲುತ್ತ ಅದರಿಂದ ನಾಲ್ಕು ಬೆರಳು ದೂರದಲ್ಲಿ ಕೈಯಾಡಿಸುತ್ತಾರೆ.

ಮಿಷನ್ನು ಬಂದದ್ದು ಆಚಾರ್ರ ಮದುವೆಗೂ ಮುಂಚೆ. ಪಂಜಾಬಿನ ಕಡೆಯ ಎರಕ ಎಂದು ಆಚಾರ್ರು ಹೇಳುತ್ತಾರೆ. ಹೆಸರಿನ ತಗಡು ಯಾವ ಕಾಲದಲ್ಲೋ ಉದುರಿ ಹೋಗಿರುವುದರಿಂದ ವಾದ ಮಾಡುವಂತಿಲ್ಲ. ಅದು ಸೀಳಿದ ಹಲಸು, ಹೊನ್ನೆ, ತೇಗ ಈ ಊರಿನ ಎಷ್ಟೋ ಮನೆಯ ಬಾಗಿಲುವಾಡಗಳಾಗಿ ನಿಂತಿವೆ. ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಬಾಗಿಲಲ್ಲಿ ಬೂದುಗುಂಬಳ ಒಡೆದು, ಆ ದಿನವೆಲ್ಲ ಅದನ್ನು ಯಾರೂ ಮುಟ್ಟುವಂತಿಲ್ಲ. ಈಗ ಯೋಚನೆ ಮಾಡಿ, ಇಷ್ಟು ವರ್ಷ ಕೈಮುಗಿಸಿಕೊಂಡದ್ದನ್ನು ಕೆಜಿ ಲೆಕ್ಕದಲ್ಲಿ ತೂಗಿಸಿ ಕೊಡುವುದು ಯಾವ ಶಾಸ್ತ್ರದಲ್ಲಿದೆ?

ಗುಜರಿಯವನ ಶಾಸ್ತ್ರದಲ್ಲಿದೆ. ಅವನು ತಿಂಗಳಿಗೊಮ್ಮೆ ಬಂದು, ಹೆಣ್ಣು ನೋಡಲು ಬಂದ ವರನ ಸೋದರಮಾವನ ಹಾಗೆ ಮಿಷನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೋಟಾರಿನ ಮೇಲೆ ಬೆರಳಲ್ಲಿ ಕುಟ್ಟಿ, "ಬೀಡು ಬೇರೆ ರೇಟು, ವೈಂಡಿಂಗ್ ತಾಮ್ರ ಬೇರೆ ರೇಟು ಸಾಮೀ. ಮನಸ್ಸು ಮಾಡಿ" ಎಂದು ಹೋಗುತ್ತಾನೆ. ಅವನಿಗೆ ಅಲ್ಲಿ ಗರಗಸ ಕಾಣುವುದೇ ಇಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವುದು ಅವನ ನಂಬಿಕೆ. ಎರಡನೆಯ ಸಾವಿರದ ಮೇಲೆ ಮಾತ್ರ ಅವನ ಕಣ್ಣು.

ಆಚಾರ್ರ ಮಗನದು ಇನ್ನೊಂದು ಧಾಟಿ. ಹುಡುಗ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಇಂಡಿಯಾವುಡ್ ಮೇಳ ನೋಡಿ ಬಂದಿದ್ದಾನೆ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ಬೆಂಡು ಬತ್ತಾಸು ಸಿಗುವುದಿಲ್ಲ, ಕ್ಯಾಟಲಾಗು ಸಿಗುತ್ತದೆ. ಚೀಲದ ತುಂಬ ತಂದಿದ್ದಾನೆ. ಅವನ ಬಾಯಲ್ಲಿ ಈಗ ಒಂದೇ ಜಪ, ಪ್ಯಾನೆಲ್ ಸಾ. "ಅಪ್ಪ, ಈಗ ಯಾರು ಹಲಸು ಸೀಳಿಸ್ತಾರೆ? ಎಲ್ಲ ಪ್ಲೈವುಡ್ಡು. ಎಂಟಡಿ ನಾಲ್ಕಡಿ ಶೀಟನ್ನ ಈ ಸಣ್ಣ ಮೇಜಿನ ಮೇಲೆ ಇಬ್ಬರು ಹಿಡ್ಕೊಂಡು ತಳ್ಳಿದ್ರೂ ನೆಟ್ಟಗೆ ಬರಲ್ಲ. ಲ್ಯಾಮಿನೇಟ್ ಅಂಚೆಲ್ಲ ಎದ್ದು ಬರುತ್ತೆ. ಇದನ್ನ ಕೊಟ್ಟುಬಿಡೋಣ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಆಚಾರ್ರು ಪಕ್ಕಕ್ಕೆ ತಿರುಗಿ ಎಲೆ ಉಗಿದರು.

ಈ ಅಪ್ಪ ಮಕ್ಕಳ ವ್ಯಾಜ್ಯ ತೀರಿಸಲು ನಾವು ಮೂರು ಜನ ಪಂಚರು ದಿನಾ ಸಂಜೆ ಕಾರ್ಖಾನೆಯಲ್ಲಿ ಸೇರುತ್ತೇವೆ. ಕೂರಲು ಆಚಾರ್ರ ಬೆನ್ನ ಹಿಂದೆ, ಬಾಗಿಲ ಬೆಳಕಿಗೆ, ಒಂದು ಹಲಸಿನ ಬೆಂಚಿದೆ. ಬ್ಲೇಡಿಗೆ ನೇರ, ಏನೂ ಮರೆಯಾಗುವುದಿಲ್ಲ, ಒಳ್ಳೆಯ ಸೀಟು. ಪಂಚರಲ್ಲಿ ಹಿರಿಯರು ನಿವೃತ್ತ ಇಂಜಿನಿಯರು. ಸರ್ಕಾರಿ ಸೇವೆಯಲ್ಲಿದ್ದಾಗ ಅವರು ಅಳೆಯದೆ ಸಹಿ ಹಾಕಿದವರಲ್ಲ ಎಂದು ಅವರೇ ಹೇಳುತ್ತಾರೆ. ಎರಡನೆಯವರು ಆಚಾರ್ರ ಭಾವಮೈದ, ಬ್ಯಾಂಕಿನಲ್ಲಿ ಕೆಲಸ. ಏನು ಕೇಳಿದರೂ ಕಂತಿನ ಲೆಕ್ಕ ಹೇಳುತ್ತಾರೆ. ನಾನು ಮೂರನೆಯವನು, ಯಾವ ಪಕ್ಷ ಗೆಲ್ಲುತ್ತದೋ ಆ ಪಕ್ಷ.

ಇಂಜಿನಿಯರು ಮೊದಲು ಕೇಳಿದ್ದು ನಾಣ್ಯ. "ಐದು ರೂಪಾಯಿದು ಕೊಡಿ. ಹಳೇ ದಪ್ಪ ನಾಣ್ಯ. ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಮಿಷನ್ ಆನ್ ಮಾಡೋಣ. ನಿಂತರೆ ಮಿಷನ್ನು ಗಟ್ಟಿ, ಬಿದ್ದರೆ ರೋಗ ಇದೆ."

ಪರೀಕ್ಷೆ ಒಳ್ಳೆಯದೇ. ಆದರೆ ಪಂಚರ ಜೇಬಿನಲ್ಲಿ ಒಂದು ನಾಣ್ಯವೂ ಇಲ್ಲ. ಹಾಲಿನವನಿಗೂ ಫೋನಿನಲ್ಲೇ ಕಾಸು ಕಳಿಸುವ ಕಾಲ. ಕೊನೆಗೆ ಆಚಾರ್ರ ಹೆಂಡತಿ ಒಳಗಿನಿಂದ, ಧರ್ಮಸ್ಥಳಕ್ಕೆ ಎತ್ತಿಟ್ಟ ಹರಕೆ ಡಬ್ಬಿಯಿಂದ ಒಂದು ತಂದರು. "ವಾಪಸ್ ಕೊಡ್ಬೇಕು, ಅದು ನಿಮ್ದಲ್ಲ" ಎಂಬ ಷರತ್ತಿನ ಮೇಲೆ.

ನಾಣ್ಯ ನಿಲ್ಲಿಸಿದರು. ಸ್ವಿಚ್ಚು ಹಾಕಿದರು. ಮಿಷನ್ನು ಒಮ್ಮೆ ಮೈಕೊಡವಿತು, ನಾಣ್ಯ ಉರುಳಿ ಹೊಟ್ಟಿನ ರಾಶಿಯಲ್ಲಿ ಮುಳುಗಿತು. "ನೋಡಿದ್ರಾ?" ಎಂದ ಮಗ. ಅವನ ಮುಖದಲ್ಲಿ ಪ್ಯಾನೆಲ್ ಸಾ ಬಂದಿಳಿದ ಕಳೆ.

ಇಂಜಿನಿಯರು ಬಿಡಲಿಲ್ಲ. ಬೆಲ್ಟು ಬಿಚ್ಚಿಸಿ ಮೋಟಾರು ಒಂದನ್ನೇ ಓಡಿಸಿದರು. ಸದ್ದಿಲ್ಲ. ಬ್ಲೇಡಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರು. ಒಳಗೆ ಮರಳು ಅರೆದ ಸದ್ದು. ಬೆಲ್ಟನ್ನು ಬೆಳಕಿಗೆ ಹಿಡಿದರೆ ಪುಲ್ಲಿಯ ಮೇಲೆ ಕೂತ ಆಕಾರದಲ್ಲೇ ಗಡುಸಾಗಿ, ಅಲ್ಲಲ್ಲಿ ಬಿರುಕು ಬಿಟ್ಟು ಕೂತಿತ್ತು. ಬೇರಿಂಗ್ ತೆಗೆಸಿ ಒರೆಸಿದಾಗ ನಂಬರು ಕಾಣಿಸಿತು, 6205. "ಕೊನೇ ಎರಡು ಅಂಕಿಯನ್ನ ಐದರಿಂದ ಗುಣಿಸಿ. ಇಪ್ಪತ್ತೈದು. ಇಪ್ಪತ್ತೈದು ಮಿಲಿಮೀಟರ್ ಶಾಫ್ಟಿಗೆ ಕೂರುತ್ತೆ. ಯಾವ ಊರಿನ ಅಂಗಡೀಲಿ ಕೇಳಿದ್ರೂ ಕೊಡ್ತಾರೆ" ಎಂದರು ಇಂಜಿನಿಯರು. ಮಿಷನ್ನು ಮಾಡಿದ ಕಂಪನಿಯ ಹೆಸರೇ ಗೊತ್ತಿಲ್ಲದಿದ್ದರೂ ಅದರ ಬೇರಿಂಗು ಎಲ್ಲ ಕಡೆ ಸಿಗುತ್ತದೆ. ಮಗ ತಂದ ಕ್ಯಾಟಲಾಗಿನ ಮಿಷನ್ನುಗಳಲ್ಲಿ ಕೆಟ್ಟರೆ ಕಂಪನಿಯವರೇ ಕಳಿಸಬೇಕಾದ ಎಲೆಕ್ಟ್ರಾನಿಕ್ ಬೋರ್ಡುಗಳಿದ್ದವು. ಆಚಾರ್ರು ಇದನ್ನು ಗಮನಿಸಿ ಮಗನ ಕಡೆ ನೋಡಿದರು. ಮಗ ಫೋನು ನೋಡಿದ.

ಹೊಸ ಬೇರಿಂಗು, ಹೊಸ ಬೆಲ್ಟು ಬಿದ್ದ ಮೇಲೆ ಹರಕೆಯ ನಾಣ್ಯ ಮತ್ತೆ ಮೇಜಿಗೆ ಬಂತು. ಈ ಸಲ ನಿಂತಿತು. ಇಷ್ಟು ವರ್ಷ ಬೀಡಿನ ಮೇಲೆ ಹೊರಿಸಿದ್ದ ಅಪವಾದ ರಬ್ಬರಿನದು ಎಂದು ಸಾಬೀತಾಯಿತು. ಇಂಜಿನಿಯರು ಆ ಖುಷಿಯಲ್ಲೇ ತೀರ್ಪಿನ ಮೊದಲ ಭಾಗ ಓದಿದರು. ಮೇಜಿನ ಬೀಡು ಬಿರುಕು ಬಿಟ್ಟಿದ್ದರೆ, ಶಾಫ್ಟು ಬಾಗಿದ್ದರೆ, ಮೇಜು ಏರಿಳಿಸುವ ತಿರುಪು ಸವೆದು ಜೋತು ಬಿದ್ದಿದ್ದರೆ ಮಾತೇ ಬೇಡ, ಗುಜರಿಯವನನ್ನು ಕರೆಯಿರಿ. ಯಾಕೆಂದರೆ ಅವು ಮಿಷನ್ನಿನ ಮೂಳೆ. ಬೆಲ್ಟು, ಬೇರಿಂಗು, ಬ್ಲೇಡು, ಸ್ವಿಚ್ಚು, ಗೈಡು ಇವೆಲ್ಲ ಉಟ್ಟ ಬಟ್ಟೆ, ಹರಿದರೆ ಬದಲಿಸಿ. ಅಮೆರಿಕದ ಡೆಲ್ಟಾ ಕಂಪನಿ 1939ರಲ್ಲಿ ತಂದ ಯೂನಿಸಾ ಮಾದರಿಯ ಹಳೆಯ ಗರಗಸಗಳನ್ನು ಅಲ್ಲಿನ ಹವ್ಯಾಸಿಗಳು ಇವತ್ತಿಗೂ ಹುಡುಕಿ ತಂದು, ತುಕ್ಕು ಉಜ್ಜಿ, ಬೇರಿಂಗು ಹಾಕಿ ಓಡಿಸುವುದು ಇದೇ ಕಾರಣಕ್ಕೆ. ದಪ್ಪ ಬೀಡು ಅಲುಗುವುದಿಲ್ಲ. ತಗಡು, ಅಲ್ಯುಮಿನಿಯಮ್ಮಿನ ಅಗ್ಗದ ಹೊಸ ಮಿಷನ್ನು ಅಲುಗುತ್ತದೆ.

"ಹಂಗಾದ್ರೆ ಇದು ಗೆರೆ ಬಿಟ್ಟು ಕೊಯ್ಯೋದು ಯಾಕೆ?" ಮಗ ಸೋಲುವ ಜಾತಿಯವನಲ್ಲ.

ಅದಕ್ಕೆ ಉತ್ತರ ಗೈಡಿನಲ್ಲಿತ್ತು. ಹಲಗೆಯನ್ನು ಒರಗಿಸಿ ತಳ್ಳುವ ಆ ಉದ್ದ ಪಟ್ಟಿ ಬ್ಲೇಡಿಗೆ ಸರಿಯಾಗಿ ಸಮಾನಾಂತರವಾಗಿರಬೇಕು. ಆಚಾರ್ರ ಗೈಡು ಹಾಗಿರುವುದಿಲ್ಲ. ಅವರು ಏನು ಮಾಡುತ್ತಾರೆ ನೋಡಿ. ಮುಂದಿನ ತುದಿ ಬಿಗಿಯುತ್ತಾರೆ. ಒಂದು ಕಣ್ಣು ಮುಚ್ಚಿ ಬಗ್ಗುತ್ತಾರೆ. ಹಿಂದಿನ ತುದಿಗೆ ಕೊಡತಿಯಿಂದ ಒಂದು ಸಣ್ಣ ಏಟು. ಮತ್ತೆ ಬಗ್ಗಿ ನೋಡಿ, ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು, ಇನ್ನೊಂದು ಅರ್ಧ ಏಟು. ಆಮೇಲೆ ತಳ್ಳುವಾಗಲೂ ಎಡಗೈಯ ಕಿರುಬೆರಳು ಹಲಗೆಯನ್ನು ಗೈಡಿಗೆ ಒತ್ತುತ್ತಲೇ ಇರುತ್ತದೆ, ಎಲ್ಲಿ ಬಿಡಬೇಕೋ ಅಲ್ಲಿ ಬಿಡುತ್ತದೆ. ಹಲಗೆ ನೂಲು ಹಿಡಿದ ಹಾಗೆ ಬರುತ್ತದೆ. ಮಗ ಅದೇ ಮಿಷನ್ನಿನಲ್ಲಿ ಅದೇ ಹಲಗೆ ತಳ್ಳಿದರೆ ಒಂದು ತುದಿ ದಪ್ಪ, ಒಂದು ತುದಿ ತೆಳು, ಅಂಚೆಲ್ಲ ಸುಟ್ಟು ಕರಿ.

ಅಂದರೆ ನೆಲ ನಿಜಕ್ಕೂ ಡೊಂಕೇ ಇತ್ತು. ಆಚಾರ್ರು ಡೊಂಕು ನೆಲದ ಮೇಲೇ ಕುಣಿಯಲು ಕಲಿತಿದ್ದರು, ಅಷ್ಟೆ. ಮಿಷನ್ನಿನಲ್ಲಿ ಇರಬೇಕಾದ ನೇರ ಆಚಾರ್ರ ಮಣಿಕಟ್ಟಿನಲ್ಲಿತ್ತು. ಹಳೆಯ ಮಿಷನ್ನು ಅಗ್ಗಕ್ಕೆ ಓಡುತ್ತಿದೆ ಎಂದು ನಾವೆಲ್ಲ ಲೆಕ್ಕ ಹಾಕಿದ್ದೇ ತಪ್ಪು ಪುಸ್ತಕದಲ್ಲಿ. ಖರ್ಚೆಲ್ಲ ಒಬ್ಬ ಮನುಷ್ಯನ ಕಣ್ಣು, ಸೊಂಟ, ಕಿರುಬೆರಳಿನ ಖಾತೆಗೆ ಬೀಳುತ್ತಿತ್ತು. ಆ ಖಾತೆಗೆ ಪಾಸ್‌ಬುಕ್ಕು ಇಲ್ಲವಾದ್ದರಿಂದ ಬ್ಯಾಂಕಿನ ಭಾವಮೈದನಿಗೂ ಕಂಡಿರಲಿಲ್ಲ. ರಿಪೇರಿಯೋ ಹೊಸದೋ ಎಂದು ಕೇಳುವವರು ಮಿಷನ್ನಿನ ವಯಸ್ಸನ್ನೇ ಕೇಳುತ್ತಾರೆ. ನಾಳೆ ಅದರ ಮುಂದೆ ನಿಲ್ಲುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಆಚಾರ್ರೇ ನಿಲ್ಲುವುದಾದರೆ ಇದ್ದ ಹಾಗೇ ಇರಲಿ. ಮಗ ನಿಲ್ಲುವುದಾದರೆ, ಅಪ್ಪನ ಕೈಯಲ್ಲಿದ್ದದ್ದನ್ನೆಲ್ಲ ಕಬ್ಬಿಣದಲ್ಲಿ ಮಾಡಿಸಿ ಮಿಷನ್ನಿಗೆ ಕೂರಿಸಬೇಕು.

ಹೀಗೆ ಗೈಡಿನಿಂದ ಶುರುವಾಯಿತು. ಅಮೆರಿಕದ ವಿಲಿಯಂ ಬೀಸ್‌ಮೇಯರ್ ಎಂಬಾತ ಇಂಥ ಗರಗಸಕ್ಕೆ ಇಂಗ್ಲಿಷಿನ ಟಿ ಆಕಾರದ ಗೈಡು ಮಾಡಿ ಹೆಸರಾದವರು. ಮುಂದಿನ ಕಂಬಿಯ ಮೇಲೆ ಮಾತ್ರ ಹಿಡಿತ, ಸನ್ನೆ ಒತ್ತಿದರೆ ತಾನೇ ನೇರಕ್ಕೆ ಕೂತು ಬಿಗಿಯುತ್ತದೆ, ಹಿಂದಿನ ತುದಿಗೆ ಕೊಡತಿ ಏಟು ಬೇಡ. ಅದರ ಚಿತ್ರ ಫೋನಿನಲ್ಲಿ ತೋರಿಸಿ, ಮಗ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪು, ಆಂಗಲ್ಲುಗಳಲ್ಲಿ ಒಂದು ಮಾಡಿಸಿದ. ಇಂಜಿನಿಯರು ಬ್ಲೇಡಿನ ಒಂದೇ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನು ಮುಂದೆ ತಂದು ಒಮ್ಮೆ, ಹಿಂದೆ ತಿರುಗಿಸಿ ಒಮ್ಮೆ ಗೈಡಿನಿಂದ ಅಳೆದರು. ಹಿಂದಿನ ಅಳತೆ ಕಡಿಮೆ ಬಂದರೆ ಹಲಗೆ ಬ್ಲೇಡಿಗೂ ಗೈಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕೂದಲೆಳೆ ಹೆಚ್ಚಿದ್ದರೆ ಪರವಾಗಿಲ್ಲ, ಕಡಿಮೆ ಮಾತ್ರ ಇರಕೂಡದು.

"ಸಿಕ್ಕಿಕೊಂಡರೆ ಏನಾಗುತ್ತೆ?" ಎಂದು ನಾನು ಕೇಳಿದೆ. ಕೇಳಬಾರದಿತ್ತು, ಪಾಠ ಶುರುವಾಯಿತು. ಬ್ಲೇಡಿನ ಮುಂದಿನ ಹಲ್ಲು ಮರವನ್ನು ಕೆಳಗೆ ಮೇಜಿಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲೇಳುತ್ತ ಬರುತ್ತದೆ. ಸೀಳಿದ ಮರ ಒಳಗಿನ ಬಿಗುವಿನಿಂದ ಮುಚ್ಚಿಕೊಂಡು ಆ ಹಿಂದಿನ ಹಲ್ಲನ್ನು ಕಚ್ಚಿದರೆ, ಹಲ್ಲು ಅದನ್ನು ಎತ್ತಿ, ತಳ್ಳುತ್ತಿದ್ದವನ ಕಡೆಗೇ ಎಸೆಯುತ್ತದೆ. ಮಿಷನ್ನು ಒದೆಯಿತು ಎನ್ನುತ್ತಾರಲ್ಲ, ಅದು ಇದೇ. ಹಲಗೆ ಹಾರುವುದು ಒಂದು ಅಪಾಯ, ಅದನ್ನು ಒತ್ತಿ ಹಿಡಿದಿದ್ದ ಕೈ ಜಾರಿ ಬ್ಲೇಡಿನ ಮೇಲೆ ಬೀಳುವುದು ಇನ್ನೊಂದು. ಇದಕ್ಕೆ ಮದ್ದು ಬ್ಲೇಡಿನ ಬೆನ್ನ ಹಿಂದೆ ನಿಲ್ಲುವ ಒಂದು ತೆಳು ಉಕ್ಕಿನ ಪಟ್ಟಿ, ರಿವಿಂಗ್ ನೈಫ್. ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಕೊಯ್ಯುವ ಸೀಳಿಗಿಂತ ತೆಳು. ಹಲ್ಲಿನಿಂದ 3ರಿಂದ 8 ಮಿಲಿಮೀಟರ್ ದೂರದಲ್ಲಿ ನಿಂತು ಸೀಳು ಮುಚ್ಚದಂತೆ ಕಾಯುತ್ತದೆ.

"ಅದು ಹೊಸ ಮಿಷನ್ನಲ್ಲಿ ಬರುತ್ತೆ, ಹಳೇದಕ್ಕೆ ಹಾಕಕ್ಕಾಗಲ್ಲ" ಎಂದ ಮಗ. ಬಹುಪಾಲು ಮಿಷನ್ನಿಗೆ ಈ ಮಾತು ನಿಜ. ಬ್ಲೇಡು ಮೇಲೆ ಕೆಳಗೆ ಹೋಗುವ ಮಿಷನ್ನಿನಲ್ಲಿ ಪಟ್ಟಿಯೂ ಅದರ ಜೊತೆಗೇ ಏರಿಳಿಯಬೇಕು, ಆ ವ್ಯವಸ್ಥೆ ಎರಕದಲ್ಲೇ ಇಲ್ಲದಿದ್ದರೆ ಕೂರಿಸುವುದು ಕಷ್ಟ. ಆದರೆ ಆಚಾರ್ರದು ಎಷ್ಟು ಹಳೆಯ ಮಾದರಿ ಎಂದರೆ ಅದರಲ್ಲಿ ಬ್ಲೇಡು ಇದ್ದಲ್ಲೇ ಇರುತ್ತದೆ, ಏರಿಳಿಯುವುದು ಮೇಜು! ಬ್ಲೇಡಿನ ಪಕ್ಕದ ಚೌಕಟ್ಟಿಗೆ ಪಟ್ಟಿಯನ್ನು ಬೋಲ್ಟು ಮಾಡಿಬಿಟ್ಟರೆ ಎರಡರ ನಡುವಿನ ಅಂತರ ಎಂದೂ ಬದಲಾಗುವುದಿಲ್ಲ. ಅದರ ಹಳೆತನವೇ ಅದನ್ನು ಗುಜರಿಯಿಂದ ಕಾಪಾಡಿತು.

ಮಗ ಕೊನೆಯ ಅಸ್ತ್ರ ತೆಗೆದ. ಯೂಟ್ಯೂಬು. ತಿರುಗುವ ಬ್ಲೇಡಿಗೆ ಸಾಸೇಜು ತಾಗಿಸುತ್ತಾರೆ. ಟಕ್ ಎಂದು ಬ್ಲೇಡು ಮಾಯ, ಸಾಸೇಜಿಗೆ ಒಂದು ಗೀರು ಮಾತ್ರ. ಸ್ಟೀವ್ ಗ್ಯಾಸ್ ಎಂಬ ಅಮೆರಿಕದವರು, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪೇಟೆಂಟ್ ವಕೀಲರಾದವರು, 1999ರಲ್ಲಿ ಯೋಚಿಸಿದ ಯುಕ್ತಿ ಇದು. ಬ್ಲೇಡಿನಲ್ಲಿ ಒಂದು ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಾಗಿದ ಕ್ಷಣ ಸಂಕೇತ ಬದಲಾಗಿ, ಸ್ಪ್ರಿಂಗಿನ ಬಲದಿಂದ ಅಲ್ಯುಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚಿಕೊಳ್ಳುತ್ತದೆ. ಎಲ್ಲ 5 ಮಿಲಿಸೆಕೆಂಡಿನಲ್ಲಿ. ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರು, ಯಾರೂ ಒಪ್ಪಲಿಲ್ಲ. 2004ರಲ್ಲಿ ಸಾಸ್ಟಾಪ್ ಹೆಸರಿನಲ್ಲಿ ತಾವೇ ಗರಗಸ ಮಾರಲು ನಿಂತರು. ಆ ದೇಶದಲ್ಲೂ ಈ ಮಿಷನ್ನಿಗೆ ವರ್ಷಕ್ಕೆ ಸಾವಿರಾರು ಜನ ಬೆರಳು ಕೊಡುತ್ತಿದ್ದರು ಎಂಬುದನ್ನು ನೋಡಿದರೆ ಯುಕ್ತಿ ಸಣ್ಣದಲ್ಲ.

ಆಚಾರ್ರ ಹೆಂಡತಿ ಟೀ ಲೋಟ ಹಿಡಿದು ನೋಡುತ್ತಿದ್ದರು. "ಅದೇನದು ಕೊಯ್ಯೋದು, ಮಾಂಸಾನಾ? ನಮ್ಮನೇಲಿ ತೊಂಡೆಕಾಯಿ ಇಟ್ಟು ನೋಡ್ಬೋದಾ?" ಎಂದರು.

"ಹಸಿ ಮರ ತಾಗಿದ್ರೂ ಅದು ಬೆರಳು ಅಂದ್ಕೊಂಡು ನಿಲ್ಲಬಹುದು. ಒಂದು ಸಲ ನಿಂತರೆ ಬ್ರೇಕಿನ ಡಬ್ಬಿ, ಬ್ಲೇಡು ಎರಡೂ ಹೋಯ್ತು" ಎಂದರು ಇಂಜಿನಿಯರು. ಸಕಲೇಶಪುರದ ಎಸ್ಟೇಟಿನಿಂದ ನಿನ್ನೆ ಕಡಿದು ಇವತ್ತು ಬಂದಿಳಿಯುವ ಸಿಲ್ವರ್ ಓಕ್ ಸೀಳುವ ಆಚಾರ್ರು ಇದನ್ನು ಕೇಳಿ ಮೊದಲ ಬಾರಿಗೆ ನಕ್ಕರು. ಆದರೂ ಒಂದು ಮಾತು ಮಗನ ಪರವಾಗಿ ಹೇಳಬೇಕು. ಈ ಒಂದನ್ನು ಮಾತ್ರ ಯಾವ ವೆಲ್ಡಿಂಗ್ ಅಂಗಡಿಯವನೂ ಹಳೆಯ ಮಿಷನ್ನಿಗೆ ಅಂಟಿಸಿ ಕೊಡಲಾರ. ಕಾಸಿದ್ದು, ಹೊಸದಾಗಿ ಕಲಿಯುವವರು ಹತ್ತು ಜನ ಅದರ ಮುಂದೆ ನಿಲ್ಲುವುದಿದ್ದರೆ, ಹಳೆಯದನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣ ಇನ್ನಿಲ್ಲ.

ನಮ್ಮೂರಿಗೆ ಇದಕ್ಕಿಂತ ಹತ್ತಿರದ ಗಂಡಾಂತರ ಬೇರೆ ಇದೆ, ಕರೆಂಟು. ಮಿಷನ್ನು ಓಡುತ್ತಿರುವಾಗ ಕರೆಂಟು ಹೋಗುತ್ತದೆ. ಸ್ವಿಚ್ಚು ಆರಿಸುವುದು ಮರೆಯುತ್ತದೆ. ಹೇಗೂ ನಿಂತಿದೆಯಲ್ಲ, ಬ್ಲೇಡಿಗೆ ಸಿಕ್ಕಿದ ಚಕ್ಕೆ ತೆಗೆಯೋಣ ಎಂದು ಕೈ ಹಾಕುತ್ತೀರಿ. ಆಗ ಕರೆಂಟು ಬರುತ್ತದೆ. ಆಚಾರ್ರು ಇಷ್ಟು ವರ್ಷ ಇದರಿಂದ ಪಾರಾದದ್ದು ಅಭ್ಯಾಸಬಲದಿಂದ. ಕರೆಂಟು ಹೋದೊಡನೆ ಮೊದಲು ಮಿಷನ್ ಸ್ವಿಚ್ಚು, ಆಮೇಲೆ ಬೈಗುಳ ಎಂಬುದು ಅವರ ಕೈಗೆ ಅಂಟಿದ ಕ್ರಮ. ಮಗ ಬೈಗುಳದಿಂದ ಶುರುಮಾಡುತ್ತಾನೆ. ಹಾಗಾಗಿ ಹಳೆಯ ಸನ್ನೆ ಸ್ವಿಚ್ಚು ಕಿತ್ತು ಡಿಒಎಲ್ ಸ್ಟಾರ್ಟರ್ ಹಾಕಿಸಿದೆವು. ಹಸಿರು ಗುಂಡಿ, ಕೆಂಪು ಗುಂಡಿ. ಕರೆಂಟು ಹೋದರೆ ಒಳಗಿನ ಕಾಯಿಲ್ ಹಿಡಿತ ಬಿಡುತ್ತದೆ, ಕರೆಂಟು ಬಂದರೂ ಹಸಿರು ಒತ್ತುವ ತನಕ ಮೋಟಾರು ಮಿಸುಕುವುದಿಲ್ಲ. ಮೋಟಾರಿನ ಮೇಲೆ ಹೊರೆ ಮೀರಿದರೂ ತಾನೇ ಆರುತ್ತದೆ. ಇಡೀ ಪಂಚಾಯ್ತಿಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಉಪಕಾರ ಮಾಡಿದ ವಸ್ತು ಇನ್ನೊಂದಿಲ್ಲ, ನಮ್ಮನ್ನೂ ಸೇರಿಸಿ.

ಬ್ಲೇಡಿನ ವಿಷಯಕ್ಕೆ ಬಂದರೆ ಆಚಾರ್ರ ಜಿಪುಣತನ ಬಯಲಾಯಿತು. ಉದ್ದಕ್ಕೆ ಸೀಳಲು ಹಲ್ಲು ಕಡಿಮೆ ಇರುವ ಬ್ಲೇಡು, ಪ್ಲೈವುಡ್ಡಿಗೆ ಹಲ್ಲು ಹೆಚ್ಚಿರುವ ಬ್ಲೇಡು ಬೇಕು. ಅವರಲ್ಲಿದ್ದದ್ದು ಎಲ್ಲಕ್ಕೂ ಒಂದೇ. ಅದೂ ಹಳೆಯ ಮನೆ ಬಿಚ್ಚಿದ ತೊಲೆಗಳಲ್ಲಿ ಅಡಗಿದ ಮೊಳೆಗಳಿಗೆ ಕಾರ್ಬೈಡ್ ತುದಿಗಳನ್ನು ದಾನ ಮಾಡಿ, ಹಲ್ಲುದುರಿ ಕೂತಿದ್ದು. ಎರಡು ಹೊಸ ಬ್ಲೇಡು ಬಂದವು. ಕೆಳಗಿನ ತೆರೆದ ಚೌಕಟ್ಟಿಗೆ ಪ್ಲೈ ಹೊಡೆದು ಮುಚ್ಚಿ, ಹೊಟ್ಟು ಎಳೆಯುವ ಪೈಪು ಹಾಕಿದರು. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ ಎಂದು ಇಂಜಿನಿಯರು ಹೇಳಿದಾಗ, ಆಚಾರ್ರ ಹೆಂಡತಿ, "ನಾನು ಮದುವೆಯಾದ ವರ್ಷದಿಂದ ಹೇಳ್ತಿದ್ದೀನಿ" ಎಂದರು. ಪಟ್ಟಿಗೆ ಅವರೇ ಮೊದಲು ಸೇರಿಸಿದ್ದರು, ಪ್ರಕಟವಾಗಿರಲಿಲ್ಲ ಅಷ್ಟೆ.

ಇಷ್ಟೆಲ್ಲ ಆದಮೇಲೆ ಭಾವಮೈದ ಲೆಕ್ಕ ಕೂಡಿದರು. ಮೂಗಿಗಿಂತ ಮೂಗುತಿ ಭಾರವಾಯಿತೇ ಎಂದು ಎಲ್ಲರಿಗೂ ಅಳುಕು. ಆಗಿರಲಿಲ್ಲ, ಹೊಸದರ ಬೆಲೆಯ ಅರ್ಧ ದಾಟಿರಲಿಲ್ಲ. ದಾಟಿದ್ದರೆ ನಿಲ್ಲಿಸಬೇಕಿತ್ತು ಎಂಬುದು ಅವರ ಅಭಿಪ್ರಾಯ. ಆದರೆ ಭಾವಮೈದನಿಗೆ ಸಾಲ ಕೊಡಿಸದೆ ನಿದ್ದೆ ಬಾರದು. "ಪಿಎಂ ವಿಶ್ವಕರ್ಮ ಯೋಜನೆ ಇದೆ ಭಾವ. 2023ರಲ್ಲಿ ಬಂದಿದ್ದು. ಹದಿನೆಂಟು ಕಸುಬಿನಲ್ಲಿ ಬಡಗಿ ಕೆಲಸಾನೂ ಇದೆ. ಉಪಕರಣಕ್ಕೆ 15,000 ರೂಪಾಯಿ. ಆಮೇಲೆ ಐದು ಪರ್ಸೆಂಟ್ ಬಡ್ಡೀಲಿ ಮೊದಲು ಒಂದು ಲಕ್ಷ, ತೀರಿಸಿದ್ರೆ ಮತ್ತೆ ಎರಡು ಲಕ್ಷ." ಅಪ್ಪ ಮಗ ಇಬ್ಬರೂ ಕಿವಿ ನಿಮಿರಿಸಿದರು. "ಆದ್ರೆ ಒಂದು ಮನೆಯಿಂದ ಒಬ್ಬರಿಗೇ" ಎಂದು ಸೇರಿಸಿದ್ದೇ ತಡ, ಮುಗಿದಿದ್ದ ವ್ಯಾಜ್ಯ ಹೊಸದಾಗಿ ದಾಖಲಾಯಿತು. ಅರ್ಜಿ ಯಾರ ಹೆಸರಲ್ಲಿ?

ಮಗನ ಹೆಸರಲ್ಲಿ ಆದರೆ ಪ್ಯಾನೆಲ್ ಸಾ. ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಶುರುಮಾಡಿದ ಜಾತಿಯ ಮಿಷನ್ನು ಅದು. ಹಲಗೆಯನ್ನು ಮೇಜಿನ ಮೇಲೆ ತಳ್ಳುವುದಿಲ್ಲ, ಮೇಜೇ ಹಲಗೆಯನ್ನು ಹೊತ್ತು ಜಾರುತ್ತದೆ. ದೊಡ್ಡ ಬ್ಲೇಡಿನ ಮುಂದೆ ಒಂದು ಪುಟ್ಟ ಬ್ಲೇಡು ಉಲ್ಟಾ ತಿರುಗಿ ಅಡಿಯ ಲ್ಯಾಮಿನೇಟಿಗೆ ಮೊದಲೇ ಗೀರು ಹಾಕಿರುತ್ತದೆ, ಅಂಚು ಏಳುವುದಿಲ್ಲ. ಪ್ಲೈ ಕೆಲಸಕ್ಕೆ ಅದರ ಮುಂದೆ ಆಚಾರ್ರ ಮಿಷನ್ನು ಏನೂ ಅಲ್ಲ, ಒಪ್ಪೋಣ. ಆದರೆ ಮೂರು ಮೀಟರ್ ಚಿಲ್ಲರೆ ಉದ್ದದ ಜಾರುಮೇಜು ಹಿಂದಕ್ಕೂ ಮುಂದಕ್ಕೂ ಓಡಾಡಲು ಅದರ ಎರಡರಷ್ಟು ಜಾಗ ಬೇಕು. ಇಂಜಿನಿಯರು ಟೇಪು ಹಿಡಿದರು. ಮಿಷನ್ನು ಒಳಗೆ ಬರುತ್ತದೆ, ಆಚಾರ್ರು ಹೊರಗೆ ಹೋಗಬೇಕಾಗುತ್ತದೆ.

"ಪ್ಲೈ ಅಂಗಡಿಯೋರೇ ಈಗ ಪ್ಯಾನೆಲ್ ಸಾದಲ್ಲಿ ಅಳತೆಗೆ ಕೊಯ್ದು ಕೊಡ್ತಾರಲ್ಲ, ಶೀಟಿಗೆ ಇಷ್ಟು ಅಂತ" ಎಂದರು ಆಚಾರ್ರ ಹೆಂಡತಿ, ಖಾಲಿ ಲೋಟ ಒಟ್ಟು ಮಾಡುತ್ತ. "ಪ್ಲೈ ಅಲ್ಲಿ ಕೊಯ್ಸಿ, ಮರ ಇಲ್ಲಿ ಸೀಳಿ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ನಮಗೆ ಹೊಳೆಯದ ದಾರಿಯೇನಲ್ಲ. ಆದರೆ ಅದನ್ನು ಮೊದಲ ದಿನವೇ ಹೇಳಿದ್ದರೆ ಎರಡನೆಯ ದಿನಕ್ಕೆ ಏನು ಮಾತಾಡುವುದು?

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆಗ ಇಂಜಿನಿಯರ್ ಸಾಹೇಬ್ರು ಹೇಳಿದ್ರಲ್ಲ, ಹಲಗೆ ಒದ್ದರೆ ತಳ್ಳೋರ ಕಡೆಗೇ ಹಾರುತ್ತೆ ಅಂತ. ಇವರು ಒಂದು ಪಕ್ಕಕ್ಕೆ ನಿಂತು ತಳ್ತಾರೆ. ತಪ್ಪಿಸಿಕೊಂಡರೆ ಅದು ಎಲ್ಲಿಗೆ ಹೋಗುತ್ತೆ?" ಎಂದು ಕೈ ತೋರಿಸಿದರು. ಬ್ಲೇಡು. ಅದರ ನೇರಕ್ಕೆ ಗೆರೆ. ಗೆರೆಯ ಕೊನೆಯಲ್ಲಿ ಹಲಸಿನ ಬೆಂಚು. ಬೆಂಚಿನ ಮೇಲೆ, ಸಾಲಾಗಿ, ನಾವು.

ಇಂಜಿನಿಯರು ಮೊದಲು ಎದ್ದರು. ಅಳೆಯದೆಯೇ ಎದ್ದರು.

ಹೀಗೆ ಆಚಾರ್ರ ಕಾರ್ಖಾನೆಯ ಕೊನೆಯ ಸುಧಾರಣೆ ಕಾಸಿಲ್ಲದೆ ಮುಗಿಯಿತು. ಹಳೆಯ ಮಿಷನ್ನು ಉಳಿಯಿತು, ಅದನ್ನು ಬದಲಿಸಿ ಎಂದವರ ಜಾಗ ಬದಲಾಯಿತು. ಬೆಂಚು ಈಗ ಹೊರಗೆ, ಚರಂಡಿ ಪಕ್ಕದ ಹೊಂಗೆಮರದ ಕೆಳಗಿದೆ. ಅಲ್ಲಿಂದ ಗರಗಸ ಕಾಣುವುದಿಲ್ಲ, ಸದ್ದು ಕೇಳುತ್ತದೆ, ಆ ಸದ್ದಿನಲ್ಲಿ ಈಗ ನರಳಾಟ ಇಲ್ಲದ್ದರಿಂದ ನಮಗೆ ಮಾತಿಗೆ ವಸ್ತುವೂ ಇಲ್ಲ. ಆದರೆ ಚಿಂತೆ ಮಾಡಬೇಡಿ. ಬೀದಿ ತುದಿಯ ಹಿಟ್ಟಿನ ಗಿರಣಿಯವನು ಮೊನ್ನೆ ರಾಗಿ ಬೀಸುವ ಕಲ್ಲು ಕುಟ್ಟಿಸುವುದೋ ಹೊಸದು ಹಾಕಿಸುವುದೋ ಎಂದು ಕೇಳುತ್ತಿದ್ದ. ಅವನ ಅಂಗಡಿ ಮುಂದೆ ಕಲ್ಲುಚಪ್ಪಡಿ ಇದೆ, ಮೂವರು ಆರಾಮವಾಗಿ ಕೂರಬಹುದು. ಕಲ್ಲು ಯಾವ ಕಡೆಗೆ ಒದೆಯುತ್ತದೆ ಎಂದು ವಿಚಾರಿಸಿಕೊಂಡು, ನಾಳೆ ಸಂಜೆಯಿಂದ ಪಂಚಾಯ್ತಿ ಅಲ್ಲಿ.